ತೋಟದ ಹತ್ಯಾರಿಗೆ ಹೆಸರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಹೊರಗಿನಿಂದ ಬಂದ ಸಲಕರಣೆಗಳಿಗೆ ಕೆಲಸ ನೋಡಿ ಹೆಸರಿಡುವ ಜಾಣ್ಮೆಯಿದೆ. ನೆಲದಲ್ಲೇ ನಿಂತು ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ಕೋಲು ‘ಫೈಬರ್ ದೋಟಿ’ಯಾಯಿತು, ಬಿದಿರಿನ ದೋಟಿ ಬಲ್ಲವರಿಗೆ ಬೇರೆ ವಿವರಣೆ ಬೇಡ. ಮದ್ದಿನ ವಿಷಯದಲ್ಲಿ ಎರವಲೂ ದೇಶಿಯೂ ಜೊತೆಗೂಡಿವೆ: 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತ, ಸುಣ್ಣ ಬೆರೆಸಿದರೆ ಶೇ. 1ರ ಬೋರ್ಡೋ ದ್ರಾವಣ. ತಾಮ್ರದ ಸಲ್ಫೇಟಿಗೆ ಮೈಲುತುತ್ತವೆಂಬ ಹಳೆಯ ಹೆಸರು ಉಳಿಯಿತು. ದ್ರಾವಣಕ್ಕೆ ಫ್ರಾನ್ಸಿನ ಊರಿನ ಹೆಸರೇ ನಿಂತಿತು. ಕನ್ನಡದ ಪದಗಳು ಹೊರಗೂ ಹೋಗಿವೆ. ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ 1910ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅಧ್ಯಯನದಲ್ಲಿ ಈ ದ್ರಾವಣ ಹೊಡೆಯುವ ಅಡಿಕೆ ರೋಗದ ಹೆಸರು ‘ಕೊಳೆರೋಗ’ ಎಂದೇ ಇದೆ. ಸಸ್ಯರೋಗ ವಿಜ್ಞಾನ ಇಂದಿಗೂ ಅದನ್ನು ಬಳಸುತ್ತದೆ.