ತೊಟ್ಟವರೂ ನೋಡಿದವರೂ

ಉಡುಪಿನ ಪುಸ್ತಕಕ್ಕೆ ಸಾಹಿತ್ಯದ ಪುಟದಲ್ಲಿ ವಿಮರ್ಶೆಯೇ ಎಂದು ಕೆಲವರು ಹುಬ್ಬೇರಿಸಿಯಾರು. ಆದರೆ 1965ರಲ್ಲಿ ಜಪಾನಿನಲ್ಲಿ ಅಚ್ಚಾದ ‘ಟೇಕ್ ಐವಿ’ಯನ್ನು ಬರಿಯ ಉಡುಪಿನ ಪುಸ್ತಕವೆಂದು ಬದಿಗಿಡುವುದು ನ್ಯಾಯವಲ್ಲ. ಅಮೆರಿಕದ ಐವಿ ಲೀಗ್ ಕಾಲೇಜುಗಳ ಹುಡುಗರು ಎಂದೂ ಕನ್ನಡಿಯಲ್ಲಿ ನೋಡಿಕೊಳ್ಳದಷ್ಟು ಶ್ರದ್ಧೆಯಿಂದ ಅವರನ್ನು ಹೊರಗಿನವರು ನೋಡಿದ್ದಾರೆ. 2010ರಲ್ಲಿ ಅದರ ಇಂಗ್ಲಿಷ್ ಆವೃತ್ತಿ ಬಂದಾಗ ಅಮೆರಿಕದವರೇ ಅದನ್ನು ಮನೆತನದ ಹಳೆಯ ಆಲ್ಬಮ್ಮಿನಂತೆ ತಿರುವಿಹಾಕಿದರು.

ಪುಸ್ತಕದ ಹಿಂದೆ ಒಂದು ತಂದೆ-ಮಗನ ಕತೆಯಿದೆ. 1951ರಲ್ಲಿ ಒಸಾಕಾದಲ್ಲಿ ಉಡುಪಿನ ವ್ಯಾಪಾರ ಆರಂಭಿಸಿದ ಕೆನ್ಸುಕೆ ಇಷಿಝು, ಮುಂದೆ ‘ವ್ಯಾನ್’ ಎಂಬ ಹೆಸರಿನಲ್ಲಿ ಅಮೆರಿಕದ ಕಾಲೇಜು ಉಡುಪನ್ನು ಜಪಾನಿನ ತರುಣರಿಗೆ ತೊಡಿಸಿದ. ಹಿರಿಯರಿಗೆ ಅದು ಪುಂಡರ ವೇಷವಾಗಿ ಕಂಡಿತು. 1964ರ ಒಲಿಂಪಿಕ್ಸ್‌ಗೆ ಮುಂಚೆ ಟೋಕಿಯೋದ ಗಿಂಜಾ ಬೀದಿಯಲ್ಲಿ ಆ ವೇಷದವರನ್ನು ಪೊಲೀಸರು ಹಿಡಿದು ವಿಚಾರಿಸಿದರು. ಇದು ಪುಂಡರದಲ್ಲ, ದೊಡ್ಡ ವಿದ್ಯಾಲಯಗಳ ವಿದ್ಯಾರ್ಥಿಗಳ ಉಡುಪು ಎಂದು ತೋರಿಸಬೇಕಿತ್ತು. ಮರುವರ್ಷ ಕ್ಯಾಮೆರಾ ಹೊತ್ತ ತಂಡವೊಂದು ಅಮೆರಿಕಕ್ಕೆ ಹೊರಟಿತು. ಛಾಯಾಚಿತ್ರಗಳು ತೆರುಯೋಷಿ ಹಯಾಷಿದಾ ಅವರವು. ಬರಹಗಾರರಲ್ಲಿ ಇಷಿಝು ಅವರ ಮಗ ಷೋಸುಕೆ ಒಬ್ಬರು.

ಟೈ ಕಟ್ಟಿ ಮೂರು ಗುಂಡಿಯ ಕೋಟು ತೊಟ್ಟವರನ್ನು ನಿರೀಕ್ಷಿಸಿ ಹೋದವರಿಗೆ ಕಂಡದ್ದು ಅರ್ಧ ಚಡ್ಡಿ, ಮುದುಡಿದ ಷರಟು, ಬರಿಗಾಲು! ಪುಸ್ತಕದ ಗುಣವೂ ದೋಷವೂ ಇಲ್ಲೇ ಹುಟ್ಟುತ್ತವೆ. ಕ್ಯಾಮೆರಾ ಕಂಡದ್ದನ್ನು ಕಂಡಂತೆ ಹಿಡಿಯಿತು. ಬರಹ ಮಾತ್ರ ಭಕ್ತನದು. ಹುಡುಗನೊಬ್ಬ ಸೋಮಾರಿತನದಿಂದ ಮಾಡಿದ್ದರಲ್ಲೂ ಶಾಸ್ತ್ರ ಹುಡುಕುವ ಚಪಲ ಅದಕ್ಕಿದೆ. ಸೂತ್ರಕ್ಕಿಂತ ಭಾಷ್ಯ ಬೆಳೆಯುವ ಚಾಳಿ ನಮ್ಮ ಪಂಡಿತರಲ್ಲೂ ಇಲ್ಲದಿಲ್ಲ.

ಆದರೆ ಈ ಕೋಟನ್ನು ಹೊಲಿದವರು ಯಾರು? ಈ ಪ್ರಶ್ನೆ ನನ್ನನ್ನು ಪುಸ್ತಕದಿಂದ ಆಚೆಗೆ ಎಳೆಯಿತು. 1896ರಲ್ಲಿ ಲಾಟ್ವಿಯಾದಿಂದ ವಲಸೆ ಬಂದ ಯೆಹೂದಿ ಜಾಕೋಬಿ ಪ್ರೆಸ್, 1902ರಲ್ಲಿ ನ್ಯೂ ಹೇವನ್ನಿನ ಯೇಲ್ ವಿದ್ಯಾಲಯದ ಮಗ್ಗುಲಲ್ಲಿ ಅಂಗಡಿ ತೆರೆದ. ಹೆಗಲಿಗೆ ಮೆತ್ತೆ ತುಂಬದ, ಸೊಂಟದಲ್ಲಿ ಡಾರ್ಟ್ ಹಿಡಿಯದ, ಮೇಲಿನ ಗುಂಡಿ ಮಡಿಕೆಯಲ್ಲಿ ಅಡಗುವ ಸಡಿಲ ಕೋಟು. ಜೇಬಿಗೆ ಮುಚ್ಚಳವಿರುವ ಷರಟು. ಮಕ್ಕಳಾದ ಇರ್ವಿಂಗ್ ಮತ್ತು ಪಾಲ್, ಮೊಮ್ಮಗ ರಿಚರ್ಡ್ ಅದನ್ನೇ ಮುಂದುವರಿಸಿದರು. ಮೂರು ತಲೆಮಾರು ಒಂದು ಕೋಟಿನ ರೇಖೆಯನ್ನು ಕಾದುಕೊಂಡುದು ಸಣ್ಣ ಮಾತಲ್ಲ. ಅದೇ ಯೇಲ್, 1920ರ ದಶಕದಿಂದ 60ರ ದಶಕದ ಆರಂಭದವರೆಗೆ, ಯೆಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿಯಿಟ್ಟಿತ್ತು. ‘ನಮ್ಮವನು’ ಎಂಬ ಗುರುತಿನ ಕೋಟನ್ನು ಅಳತೆ ತೆಗೆದು ಹೊಲಿಸಿಕೊಟ್ಟವನ ಕುಲದವರಿಗೆ ಒಳಗೆ ಎಣಿಸಿಟ್ಟಷ್ಟೇ ಜಾಗ! ‘ಟೇಕ್ ಐವಿ’ಯ ಹಸುರು ಹುಲ್ಲಿನ ಮೇಲೆ ಈ ನೆರಳು ಬೀಳುವುದಿಲ್ಲ. ಹೆಣ್ಣುಮಕ್ಕಳ ಮಾತೂ ಹಾಗೆಯೇ: ಯೇಲ್ ಅವರನ್ನು ಪದವಿ ತರಗತಿಗೆ ಸೇರಿಸಿಕೊಂಡದ್ದು 1969ರಲ್ಲಿ. ಪ್ರವಾಸಿಗಳು ಇದನ್ನೆಲ್ಲ ಬರೆಯಬೇಕಿತ್ತೆಂದು ನಾನು ಹಟ ಹಿಡಿಯಲಾರೆ. ಆದರೆ ಅಷ್ಟು ಸೂಕ್ಷ್ಮವಾಗಿ ಗುಂಡಿ ಎಣಿಸಿದ ಕಣ್ಣು ಮನುಷ್ಯರನ್ನೂ ಎಣಿಸಿದ್ದರೆ ಕೃತಿಯ ತೂಕವೇ ಬೇರೆಯಾಗುತ್ತಿತ್ತು.

ನಮ್ಮ ಕಡೆಯ ಒಂದು ಎಳೆಯೂ ಈ ಬಟ್ಟೆಯಲ್ಲಿದೆ. ಯೇಲ್ ಎಂಬ ಹೆಸರು ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದ ಎಲಿಹು ಯೇಲ್‌ನದು. 1718ರಲ್ಲಿ ಅವನು ಒಂಬತ್ತು ಮೂಟೆ ಸರಕು, 417 ಪುಸ್ತಕ, ರಾಜನದೊಂದು ಚಿತ್ರಪಟ ಕಳುಹಿಸಿದ. ಸರಕು ಮಾರಿ ಬಂದ ಹಣ 562 ಪೌಂಡು. ಎರಡು ಶತಮಾನ ಕಳೆದ ಮೇಲೆ ಅಲ್ಲಿಯ ಹುಡುಗರು ಬೇಸಿಗೆಗೆ ಮದರಾಸು ಚೌಕಳಿ ತೊಟ್ಟು ಮೆರೆದರು. ಒಗೆದಷ್ಟೂ ಬಣ್ಣ ಬಿಡುವ ಬಟ್ಟೆಯೆಂಬುದೇ ಅದರ ಹೆಚ್ಚುಗಾರಿಕೆ. ನಮ್ಮ ತಾಯಂದಿರಾಗಿದ್ದರೆ ಅಂಗಡಿಯವನ ಮುಖಕ್ಕೇ ಎಸೆದು ಬರುತ್ತಿದ್ದರು.

‘ವ್ಯಾನ್’ 1978ರಲ್ಲಿ ದಿವಾಳಿಯಾಯಿತು. 1986ರಲ್ಲಿ ಪ್ರೆಸ್ ಮನೆತನದ ಅಂಗಡಿಯೂ ಕೈ ಬದಲಾಯಿಸಿತು. ಕೊಂಡವರು ಜಪಾನಿನ ಕಾಶಿಯಾಮಾ ಸಂಸ್ಥೆಯವರು.