ನಗೆಯ ಹಿಂದಿನ ಒಂಟಿತನ

ರಾಜ್ ಬಿ. ಶೆಟ್ಟಿಯವರು ನಿರ್ದೇಶಿಸಿ ನಟಿಸಿದ 'ಒಂದು ಮೊಟ್ಟೆಯ ಕಥೆ' (2017) ಚಿತ್ರವನ್ನು ಕೇವಲ ಹಾಸ್ಯವೆಂದು ಮರೆಯದಿರಿ. ಮಂಗಳೂರಿನ ಕನ್ನಡ ಉಪನ್ಯಾಸಕ ಜನಾರ್ದನನಿಗೆ ಬೋಳುತಲೆಯ ಕಾರಣ ಹೆಣ್ಣು ದೊರೆಯದು. ಇತರರ ನೋಟದಿಂದ ನೊಂದ ಅವನೇ ಹೆಣ್ಣನ್ನು ರೂಪದಿಂದ ಅಳೆಯುತ್ತಾನೆ. ಒಂಟಿತನ ತಾನಾಗಿ ಯಾರನ್ನೂ ಕರುಣಾಳುವಾಗಿಸದು ಎಂಬುದೇ ಚಿತ್ರದ ಸತ್ಯ.

ಅದರ ಮಿತಿಯೂ ಉಂಟು: ದೇಹದ ಹಂಬಲವನ್ನು ನಗೆಯಲ್ಲಿ ತೇಲಿಸಿಬಿಡುತ್ತದೆ. ಜನಾರ್ದನನಿಗೆ ನೌಕರಿಯಿದೆ, ವಧುವನ್ನು ಅರಸುವ ಮನೆಯವರಿದ್ದಾರೆ. ಯಾದಗಿರಿ, ಶಹಾಪುರ, ಸುರಪುರಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ತಗಡಿನ ಶೆಡ್ಡಿನಲ್ಲಿ ಮಲಗುವ ಅವಿವಾಹಿತ ತರುಣನಿಗೆ ಸ್ಥಿರ ದುಡಿಮೆಯೂ ಇಲ್ಲ, ಮನದ ಮಾತು ಕೇಳುವವರೂ ಬಳಿಯಿಲ್ಲ.

ಬಯಕೆ ಅಪರಾಧವಲ್ಲ, ಯಾವ ಹೆಣ್ಣೂ ತೀರಿಸಬೇಕಾದ ಸಾಲವೂ ಅಲ್ಲ. ಈ ಚಿತ್ರವನ್ನು ಗಂಡುಮಕ್ಕಳೊಡನೆ ಕುಳಿತು ನೋಡಿರಿ. ನಗು ನಿಂತ ಮೇಲೆ, ಸಂಕೋಚ ಬಿಟ್ಟು ಈ ಮಾತನ್ನು ಆಡಿರಿ.