ರಾಜ್ಯಸ್ಥಾಪನೆಯ ಕಥೆ ಮತ್ತು ರಾಜಧರ್ಮದ ಒರೆಗಲ್ಲು

ಧರ್ಮವು ನಾಡೊಂದರ ಆತ್ಮಪ್ರಜ್ಞೆಯನ್ನು ರೂಪಿಸಿತೆಂದು ಹೇಳುವುದು ಸುಲಭ. ಹೇಗೆ ರೂಪಿಸಿತೆಂದು ಪರೀಕ್ಷಿಸುವುದು ಕಠಿಣ. ಕರ್ನಾಟಕದಲ್ಲಿ ಈ ಪ್ರಶ್ನೆ ಶೃಂಗೇರಿ ಮಠ ಹಾಗೂ ವಿಜಯನಗರದ ಸಂಬಂಧವನ್ನು ಕುರಿತು ಎದ್ದಿದೆ. ವಿದ್ಯಾರಣ್ಯರ ಪ್ರೇರಣೆಯಿಂದಲೇ ಹರಿಹರ-ಬುಕ್ಕರು ರಾಜ್ಯ ಸ್ಥಾಪಿಸಿದರೆಂಬುದು ಪರಂಪರೆಯ ನಂಬಿಕೆ. ಇದು 16ನೆಯ ಶತಮಾನದಲ್ಲಿ ಮಠದವರು ಹೆಣೆದ ಕಥೆಯೆಂದು ಇತಿಹಾಸಕಾರ ಹೆನ್ರಿ ಹೆರಾಸ್ 1929ರ ತಮ್ಮ ಗ್ರಂಥದಲ್ಲಿ ವಾದಿಸಿದರು.

ಹೆರಾಸರ ಸಂಶಯ ನಿರಾಧಾರವಲ್ಲ. 1346ರ ಶೃಂಗೇರಿ ಶಾಸನದಲ್ಲಿ ಹರಿಹರ ಸೋದರರಿಂದ ದಾನ ಪಡೆದವರು ಭಾರತೀತೀರ್ಥರು. ಆದರೆ ಹೊಸ ಅರಸರು ಆರಂಭದಲ್ಲಿಯೇ ಮಠವನ್ನು ಗೌರವಿಸಿದರೆಂಬುದಕ್ಕೂ ಅದೇ ಶಾಸನ ಸಾಕ್ಷಿ. ಕಥೆ ತಡವಾಗಿ ಹುಟ್ಟಿದ ಮಾತ್ರಕ್ಕೆ ಸಂಬಂಧ ಸುಳ್ಳಾಗದು. ಈ ವಾದವಿವಾದದ ನಿಜವಾದ ಕೊರತೆ ಬೇರೆ: ರಾಜ್ಯವನ್ನು ಯಾರು ಸ್ಥಾಪಿಸಿದರೆಂಬುದರಲ್ಲೇ ಅದು ನಿಂತುಬಿಡುತ್ತದೆ, ಆ ರಾಜ್ಯ ಅನ್ಯಧರ್ಮೀಯರನ್ನು ಹೇಗೆ ನಡೆಸಿಕೊಂಡಿತೆಂಬಲ್ಲಿಗೆ ಬರುವುದಿಲ್ಲ.

ಅದಕ್ಕೆ ಉತ್ತರ ಶ್ರವಣಬೆಳಗೊಳದ 1368ರ ಶಾಸನದಲ್ಲಿದೆ. ಶ್ರೀವೈಷ್ಣವರಿಂದಾದ ಅನ್ಯಾಯವನ್ನು ಜೈನರು ಬುಕ್ಕರಾಯನಿಗೆ ಬಿನ್ನವಿಸಿದಾಗ, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡೂ ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಜೈನರ ಪಂಚಮಹಾವಾದ್ಯ ಹಾಗೂ ಕಲಶದ ಹಕ್ಕನ್ನು ಎತ್ತಿಹಿಡಿದನು. ಜೈನ ಸಮಾಜ ಇದನ್ನು ಅಭಿಮಾನದಿಂದ ಸ್ಮರಿಸುವುದು ಯೋಗ್ಯವೇ. ಆದರೆ ಶಾಸನದ ಉತ್ತರಾರ್ಧವನ್ನೂ ಓದಬೇಕು. ತಿರುಮಲೆಯ ತಾತಯ್ಯನು ಜೈನರ ಒಪ್ಪಿಗೆಯಿಂದ ಮನೆಗೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಉಳಿದುದರಿಂದ ಜೀರ್ಣ ಜಿನಾಲಯಗಳನ್ನು ದುರಸ್ತಿಗೊಳಿಸಬೇಕಿತ್ತು. ಎಂದರೆ ಅನ್ಯಾಯಕ್ಕೊಳಗಾದವರೇ ತಮ್ಮ ರಕ್ಷಣೆಯ ವೆಚ್ಚವನ್ನು ಹೊತ್ತರು. ಸಮತೆ ಘೋಷಿತವಾಯಿತು, ಭಾರ ಸಮನಾಗಿ ಹಂಚಿಕೆಯಾಗಲಿಲ್ಲ.

ರಾಜಸತ್ತೆಯ ಸಾಮೀಪ್ಯ ಧರ್ಮಕ್ಕೇ ಅಪಾಯವಾಗುವುದೂ ಉಂಟು. ಜಪಾನಿನಲ್ಲಿ ರಾಜಕುಮಾರ ಶೋಟೋಕುವಿನದೆಂದು ಪ್ರಸಿದ್ಧವಾದ 604ರ ಹದಿನೇಳು ವಿಧಿಗಳು ಬುದ್ಧ, ಧರ್ಮ, ಸಂಘಗಳನ್ನು ಗೌರವಿಸಲು ಆದೇಶಿಸಿದವು. 1868ರಲ್ಲಿ ಮೇಜಿ ಸರ್ಕಾರ ಶಿಂಟೋವನ್ನು ಬೌದ್ಧಧರ್ಮದಿಂದ ಬೇರ್ಪಡಿಸಿದ ಮೇಲೆ ಅನೇಕ ಬೌದ್ಧಾಲಯಗಳು ನಾಶವಾದವು. ಹೀಗೆ ಪೆಟ್ಟುತಿಂದ ಪಂಥಗಳೇ ಮುಂದೆ ರಾಷ್ಟ್ರನಿಷ್ಠೆಯ ಹೆಸರಿನಲ್ಲಿ ಯುದ್ಧಗಳನ್ನು ಬೆಂಬಲಿಸಿದವು. ಆಶ್ರಯ ಮರಳಿ ಸಿಕ್ಕಿರಬಹುದು, ಅಹಿಂಸೆ ಕೈಬಿಟ್ಟಿತು.

ಶೃಂಗೇರಿಯ ಪೇಟೆಯ ನಡುವೆ 12ನೆಯ ಶತಮಾನದ ಪಾರ್ಶ್ವನಾಥ ಬಸದಿ ಇಂದಿಗೂ ಇದೆ. ವಿಜಯನಗರ ಹುಟ್ಟುವ ಮೊದಲೇ ಕಟ್ಟಿದ ಈ ಬಸದಿ ಆ ಸಾಮ್ರಾಜ್ಯ ಅಳಿದ ಮೇಲೂ ಉಳಿದಿದೆ. ರಾಜ್ಯವನ್ನು ಸ್ಥಾಪಿಸಿದ ಕೀರ್ತಿ ಯಾವ ಗುರುವಿನದೆಂಬ ಚರ್ಚೆ ಮುಂದುವರಿಯಲಿ. ಧರ್ಮ ಆ ರಾಜ್ಯವನ್ನು ನಿಜವಾಗಿ ತಿದ್ದಿತೇ ಎಂಬುದನ್ನು ಮಾತ್ರ ಅಲ್ಲಿನ ಅಲ್ಪಸಂಖ್ಯಾತರ ಬದುಕಿನಿಂದಲೇ ಅಳೆಯಬೇಕು. ಈ ಒರೆಗಲ್ಲು ಜೈನ ಅರಸರ ಆಳ್ವಿಕೆಗೂ ಅನ್ವಯಿಸುತ್ತದೆ.